ನಾದವೂ ರೂಪವೂ

ಗಣಕಯಂತ್ರದಲ್ಲಿ ನಾದವನ್ನೂ ಚಿತ್ರವನ್ನೂ ಒಡನೊಡನೆ ಹುಟ್ಟಿಸುವ ಕಲೆಗೆ ಪಾಶ್ಚಾತ್ಯ ದೇಶಗಳಲ್ಲಿ ಈಗ ವಿಶೇಷ ಪ್ರಚಾರವುಂಟು. ಪ್ಯಾರಿಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾಲಯದಲ್ಲಿ ಮಿಲ್ಲರ್ ಪಕೆಟ್ ಎಂಬವರು 1980ರ ದಶಕದಲ್ಲಿ 'ಮ್ಯಾಕ್ಸ್' ಎಂಬ ಸಾಧನವನ್ನು ರಚಿಸಿದರು. 1996ರಲ್ಲಿ 'ಪ್ಯೂರ್ ಡೇಟಾ' ಎಂಬುದನ್ನು ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಹೊರಡಿಸಿದರು. ಇವುಗಳಲ್ಲಿ ಆಜ್ಞೆಗಳನ್ನು ಸಾಲುಸಾಲಾಗಿ ಬರೆಯಬೇಕಾಗಿಲ್ಲ. ತೆರೆಯ ಮೇಲೆ ಸಣ್ಣ ಪೆಟ್ಟಿಗೆಗಳನ್ನಿಟ್ಟು, ಒಂದರ ಕೆಳಬಾಯಿಂದ ಇನ್ನೊಂದರ ಮೇಲ್ಬಾಯಿಗೆ ಗೆರೆಯೆಳೆದರೆ ಆ ಹಾದಿಯಲ್ಲಿ ನಾದವೋ ಸಂಖ್ಯೆಯೋ ಹರಿಯುವುದು. 'ಜೆಮ್' ಎಂಬ ಉಪಾಂಗವನ್ನು ಸೇರಿಸಿದರೆ ಚಿತ್ರವೂ ಚಲಿಸುವುದು. ಯಂತ್ರದ ಒಳಗುಟ್ಟು ಹೀಗೆ ಕಣ್ಣಿಗೆ ಕಾಣುವಂತಾದುದು ಅಲ್ಪವಾದ ಉಪಕಾರವಲ್ಲ.

ಆದರೆ ಈ ಸೌಲಭ್ಯದಲ್ಲಿಯೇ ದೋಷದ ಬೀಜವಿರುವುದು. ನಾದದ ಬಲವನ್ನಳೆಯುವ ಪೆಟ್ಟಿಗೆಯಿಂದ ವರ್ತುಲದ ಗಾತ್ರವನ್ನಾಳುವ ಪೆಟ್ಟಿಗೆಗೆ ಗೆರೆಯೆಳೆಯುವುದು ಕ್ಷಣಾರ್ಧದ ಕೆಲಸ. ಭೇರಿ ಮೊಳಗಿದರೆ ವರ್ತುಲವು ಉಬ್ಬುವುದು, ನಿಂತರೆ ಕುಗ್ಗುವುದು. ನೋಟಕನು ಮೊದಲು ಬೆರಗಾಗುವನು. ಮೂರನೆಯ ನಿಮಿಷದೊಳಗೆ ಮುಂದೇನಾಗುವುದೆಂಬುದನ್ನು ಅರಿತುಬಿಡುವನು. ಕಿವಿ ಕೇಳಿದುದನ್ನೇ ಕಣ್ಣಿಗೆ ಮರಳಿ ಹೇಳುವುದು ಪುನರುಕ್ತಿ. ಕಾವ್ಯದಲ್ಲಿ ಅದನ್ನು ದೋಷವೆಂದೆಣಿಸಿದ ಆಲಂಕಾರಿಕರು ಇಲ್ಲಿ ಮಾತ್ರ ಗುಣವೆನ್ನುವರೇ?

ನಾದರೂಪಗಳ ಅಭೇದವೇ ಈ ಕಲೆಯ ಪ್ರಾಣವೆಂದು ವಾದಿಸುವವರು ನಾರ್ಮನ್ ಮೆಕ್ಲಾರೆನ್ ಎಂಬಾತನು ಕೆನಡಾದಲ್ಲಿ 1971ರಲ್ಲಿ ರಚಿಸಿದ 'ಸಿಂಕ್ರೊಮಿ' ಚಲಚ್ಚಿತ್ರವನ್ನು ನೋಡತಕ್ಕದ್ದು. ಫಿಲ್ಮಿನ ಅಂಚಿನ ಧ್ವನಿಪಟ್ಟಿಯಲ್ಲಿ ಗೆರೆಗಳನ್ನು ಮೂಡಿಸಿ ಆತನು ಸಂಗೀತವನ್ನು ಹುಟ್ಟಿಸಿದನು. ಆ ಗೆರೆಗಳನ್ನೇ ತೆರೆಯ ಮೇಲೂ ತೋರಿಸಿದನು. ಗೆರೆಗಳ ಸಂಖ್ಯೆ ಹೆಚ್ಚಿದಷ್ಟೂ ಶ್ರುತಿಯೇರುವುದು, ಅವುಗಳ ಅಗಲ ಹೆಚ್ಚಿದಷ್ಟೂ ನಾದವು ಬಲಿಯುವುದು. ಇದಕ್ಕೆ ಮಿಗಿಲಾದ ಅಭೇದವುಂಟೆ? ಆದರೂ ಬಣ್ಣವನ್ನು ಯಾವ ನಾದವೂ ವಿಧಿಸಿರಲಿಲ್ಲ. ಸಂಗೀತದ ಹೊಸ ವಾಕ್ಯ ತೊಡಗುವೆಡೆಗಳಲ್ಲಿ ಆತನು ಅದನ್ನು ಸ್ವೇಚ್ಛೆಯಿಂದ ಬದಲಿಸಿದನು. ಗೆರೆಗಳ ಸ್ತಂಭವೊಂದೇ ಇರಬೇಕೋ ಹಲವಿರಬೇಕೋ ಎಂಬುದನ್ನು ನಿಶ್ಚಯಿಸಿದುದೂ ಆತನ ವಿವೇಕವೇ. ಸಹೃದಯನು ಸವಿಯುವುದು ಆ ವಿವೇಕವನ್ನು, ಗೆರೆಯ ಲೆಕ್ಕವನ್ನಲ್ಲ.

ಇಂದಿನ ಸಾಧನಗಳಲ್ಲಿಯೂ ಅಂತಹ ವಿವೇಕಕ್ಕೆ ಎಡೆಯಿಲ್ಲದಿಲ್ಲ. ಪ್ಯೂರ್ ಡೇಟಾದ 'ಲೈನ್' ಎಂಬ ಪೆಟ್ಟಿಗೆಯು ಒಂದು ಸಂಖ್ಯೆಯಿಂದ ಮತ್ತೊಂದಕ್ಕೆ ತಟ್ಟನೆ ಹಾರದೆ, ವಿಧಿಸಿದಷ್ಟು ಹೊತ್ತಿನಲ್ಲಿ ಮೆಲ್ಲನೆ ಸಾಗುವುದು. ಅದನ್ನು ನಡುವೆ ಇರಿಸಿದರೆ ನಾದವು ನಿಂತ ಬಳಿಕವೂ ರೂಪವು ಕೆಲಕಾಲ ಉಳಿದು ಕರಗುವುದು. ಧ್ವನಿಕಾರನು ವ್ಯಂಗ್ಯದ ಒಂದು ಬಗೆಯನ್ನು ಅನುರಣನಕ್ಕೆ ಹೋಲಿಸಿದುದು ಇಲ್ಲಿ ನೆನಪಾಗದಿರದು. ಕಿವಿಗೆ ಮೌನವಾದಾಗ ಕಣ್ಣಿಗೆ ತನ್ನದೇ ಆದ ಮಾತೊಂದು ದೊರೆಯುವುದು.