ಡೆನೆಥೋರನ ಪರ ವಕಾಲತ್ತು

ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯಲ್ಲಿ ಬದಿಗೆ ಸರಿದ ಪಾತ್ರಗಳನ್ನು ಹುಡುಕಿ, ಅವುಗಳ ಪರವಾಗಿ ವಾದ ಹೂಡುವುದು ಅಭಿಮಾನಿ ಓದುಗರು ದಶಕಗಳಿಂದ ಬೆಳೆಸಿಕೊಂಡು ಬಂದಿರುವ ಓದಿನ ಪದ್ಧತಿ. ಪಂಡಿತ ವಲಯ ಇದನ್ನು ಬಹುಮಟ್ಟಿಗೆ ಹವ್ಯಾಸವೆಂದು ಕಡೆಗಣಿಸಿದೆ; ಅಭಿಮಾನಿಗಳ ವಲಯ ಇದನ್ನೇ ವಿಮರ್ಶೆಯ ಕೊನೆಯ ಮಾತೆಂದು ತಲೆಯ ಮೇಲೆ ಹೊತ್ತಿದೆ. ಎರಡೂ ಅಳತೆ ಮೀರಿದ ನಿಲುವುಗಳು. ಈ ಪದ್ಧತಿಯ ಶಕ್ತಿ ಇರುವುದು ಸಾಕ್ಷ್ಯ ಕಲೆಹಾಕುವುದರಲ್ಲಿ; ಅದು ಎಡವುವುದು ತೀರ್ಪು ಕೊಡುವಾಗ. ಗೊಂಡೋರ್ ರಾಜ್ಯದ 26ನೆಯ ಆಳುವ ರಾಜಪ್ರತಿನಿಧಿ ಎರಡನೆಯ ಡೆನೆಥೋರ್ ಕುರಿತು ನಡೆದಿರುವ ಮರುಓದಿನಲ್ಲಿ ಈ ಎರಡೂ ಮುಖಗಳು ಒಟ್ಟಿಗೆ ಕಾಣುತ್ತವೆ.

ಕೃತಿ 1954–55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮೊದಲ ಸಂಪುಟ ಹೊರಬಂದಾಗಲೇ ಎಡ್ವಿನ್ ಮ್ಯೂರ್, ಇಲ್ಲಿನ ಒಳ್ಳೆಯವರು ಸದಾ ಒಳ್ಳೆಯವರು, ಕೆಟ್ಟವರು ಎಂದೆಂದಿಗೂ ಕೆಟ್ಟವರು ಎಂದು ಆಕ್ಷೇಪಿಸಿದರು. 1956ರಲ್ಲಿ ಎಡ್ಮಂಡ್ ವಿಲ್ಸನ್ ಇಡೀ ಕೃತಿಯನ್ನೇ ಬಾಲಿಶವೆಂದು ಗೇಲಿ ಮಾಡಿದರು. ಮ್ಯೂರ್ ಅವರ ಆಕ್ಷೇಪಕ್ಕೆ ಮೂರನೆಯ ಸಂಪುಟದ ಡೆನೆಥೋರನೊಬ್ಬನೇ ಸಾಕಷ್ಟು ಉತ್ತರ. ಅವನು ಕಥೆಯ ದುಷ್ಟಶಕ್ತಿ ಸೌರಾನನ ಶತ್ರು, ಒಂದು ದಿನವೂ ಅವನಿಗೆ ತಲೆಬಾಗಿದವನಲ್ಲ, ಸರಿಯಾದ ಪಕ್ಷದಲ್ಲೇ ನಿಂತವನು. ಆದರೂ ಕೊನೆಗೆ ಗಾಯಗೊಂಡು ಪ್ರಜ್ಞೆತಪ್ಪಿದ ಮಗನೊಂದಿಗೆ ಚಿತೆಯೇರಲು ಹೊರಡುತ್ತಾನೆ. ಇಂಥ ಪಾತ್ರವನ್ನು ‘ಹುಚ್ಚು ಮುದುಕ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಓದು ಬಹುಕಾಲ ನಡೆಯಿತು.

ಪೀಟರ್ ಜಾಕ್ಸನ್ ಅವರ 2003ರ ಚಲನಚಿತ್ರ ಆ ಓದಿಗೆ ಮುದ್ರೆಯೊತ್ತಿತು. ಜಾನ್ ನೋಬಲ್ ಅಭಿನಯಿಸಿದ ಡೆನೆಥೋರ್ ಅಲ್ಲಿ ನೆರವು ಕೇಳುವ ಬೆಂಕಿಗೋಪುರಗಳನ್ನು ಹೊತ್ತಿಸಲು ಒಪ್ಪುವುದಿಲ್ಲ. ಅವನ ಸೇವೆಗೆ ಸೇರಿದ ಹಾಬಿಟ್ ಪಿಪ್ಪಿನ್ ಕದ್ದು ಹೊತ್ತಿಸಬೇಕಾಗುತ್ತದೆ. ಮಗ ಸಾವಿನ ಬಾಯಿಗೆ ಕುದುರೆ ಓಡಿಸುತ್ತಿರುವಾಗ ತಂದೆ ಕೂತು ಊಟ ಮಾಡುತ್ತಾನೆ, ಟೊಮ್ಯಾಟೊ ರಸ ಗಲ್ಲದ ಮೇಲೆ ಇಳಿಯುತ್ತದೆ. ಕಾದಂಬರಿಯಲ್ಲಿ ಇದಾವುದೂ ಇಲ್ಲ. ಮಾಂತ್ರಿಕ ಗ್ಯಾಂಡಾಲ್ಫ್ ಮತ್ತು ಪಿಪ್ಪಿನ್ ಗೊಂಡೋರಿನ ರಾಜಧಾನಿ ಮಿನಾಸ್ ತಿರಿತ್ ತಲುಪುವ ಮುಂಚೆಯೇ ಬೆಂಕಿಗೋಪುರಗಳು ಉರಿಯುತ್ತಿರುತ್ತವೆ. ರೋಹನ್ ರಾಜ್ಯದ ನೆರವು ಕೋರುವ ಕೆಂಪು ಬಾಣವೂ ದೂತನ ಕೈಯಲ್ಲಿ ಹೊರಟಾಗಿರುತ್ತದೆ. ಮುಪ್ಪಿನಲ್ಲಿ ಮೈ ಸಡಿಲವಾಗಬಾರದೆಂದು ಈ ರಾಜಪ್ರತಿನಿಧಿ ವರ್ಷಗಳಿಂದ ನಿಲುವಂಗಿಯ ಒಳಗೆ ಉಕ್ಕಿನ ಕವಚ ತೊಟ್ಟು, ಅದರಲ್ಲೇ ಮಲಗುತ್ತಿದ್ದಾನೆ. ಸಿನಿಮಾ ಅಳಿಸಿಹಾಕಿದ ಈ ವಿವರಗಳನ್ನು ಮತ್ತೆ ಮುಂದಿಟ್ಟ ಶ್ರೇಯಸ್ಸು ಬಹುಪಾಲು ಅಭಿಮಾನಿ ಓದುಗರದೇ.

ಅವರ ಮುಖ್ಯ ಸಾಧನ ಅನುಬಂಧಗಳು. ಮೂರನೆಯ ಸಂಪುಟದ ಕೊನೆಯಲ್ಲಿರುವ ಕಾಲಾನುಕ್ರಮಣಿಯನ್ನು ಕಥನದ ಪಕ್ಕದಲ್ಲಿಟ್ಟು ಓದುವುದು ಅವರ ಅಭ್ಯಾಸ, ಮತ್ತು ಅದರ ಫಲ ಸಣ್ಣದಲ್ಲ. ಕೃತಿಯ ಕಾಲಗಣನೆಯಂತೆ ತೃತೀಯ ಯುಗದ 3019ರ ಮಾರ್ಚ್ 13ರಂದು ಎರಡು ಘಟನೆಗಳು ನಡೆಯುತ್ತವೆ: ಡೆನೆಥೋರನ ಕಿರಿಯ ಮಗ ಫಾರಮಿರ್ ಗಾಯಗೊಂಡು ಕೋಟೆಗೆ ಮರಳುತ್ತಾನೆ, ದೂರದ ಸಿರಿತ್ ಉಂಗೋಲ್‌ನಲ್ಲಿ ಸೌರಾನನ ಉಂಗುರ ಹೊತ್ತ ಹಾಬಿಟ್ ಫ್ರೋಡೋ ಶತ್ರುಪಡೆಯ ಓರ್ಕ್‌ಗಳಿಗೆ ಸೆರೆ ಸಿಗುತ್ತಾನೆ. ಮಗನನ್ನು ಮಲಗಿಸಿದ ಬಳಿಕ ಡೆನೆಥೋರ್ ಒಬ್ಬನೇ ಗೋಪುರದ ತುದಿಯ ಗುಪ್ತಕೋಣೆಗೆ ಏರುತ್ತಾನೆ. ಕಿಟಕಿಗಳಲ್ಲಿ ಮಂದ ಬೆಳಕೊಂದು ಮಿನುಗಿ ಆರುತ್ತದೆ. ಇಳಿದು ಬಂದಾಗ ಅವನ ಮುಖ ಮಗನ ಮುಖಕ್ಕಿಂತಲೂ ಹೆಚ್ಚು ಸತ್ತಂತಿರುತ್ತದೆ. ಅಲ್ಲಿದ್ದದ್ದು ಪಲಂಟೀರ್, ದೂರದ್ದನ್ನು ಕಾಣಿಸುವ ಕಲ್ಲು. ಆ ಕಲ್ಲಿನಲ್ಲಿ ಅವನು ಸೆರೆಯಾದ ಫ್ರೋಡೋನನ್ನೇ ಕಂಡು, ಉಂಗುರ ಶತ್ರುವಿಗೆ ಸಿಕ್ಕಿತೆಂದು ನಂಬಿದ ಎಂಬ ಊಹೆಯನ್ನು ವಿದ್ವಾಂಸ ಟಾಮ್ ಶಿಪ್ಪಿಯೂ ಮುಂದಿಟ್ಟಿದ್ದಾರೆ. ದಿನಾಂಕಗಳು ಈ ಊಹೆಗೆ ಪೂರಕವಾಗಿವೆ. ಎರಡು ಕಡೆ ಚದುರಿದ ಸಂಗತಿಗಳನ್ನು ಜೋಡಿಸಿ ಲೇಖಕ ಹೇಳದೆ ಬಿಟ್ಟದ್ದನ್ನು ಎತ್ತಿ ತೋರಿಸುವ ಈ ಓದು ಯಾವ ಪಂಡಿತ ಓದಿಗೂ ಕಡಿಮೆಯದಲ್ಲ.

ಆದರೆ ವಾದ ನಿಲ್ಲಬೇಕಾದ ಜಾಗ ಬೇರೆ: ಮಾರ್ಚ್ 10ರ ರಾತ್ರಿ ಮತ್ತು ಮರುದಿನದ ಸಭೆ. ಫಾರಮಿರ್ ಇಥಿಲಿಯನ್‌ನಿಂದ ಬಂದು, ಉಂಗುರ ಹೊತ್ತವರನ್ನು ಕಂಡು ಹೋಗಗೊಟ್ಟೆನೆಂದು ವರದಿ ಒಪ್ಪಿಸುತ್ತಾನೆ. ಡೆನೆಥೋರ್ ಕೂಗಾಡುವುದಿಲ್ಲ. ಮಗನ ಮಾತಿನ ವಿನಯವನ್ನೇ ಹಿಡಿದು, ಆ ವಿನಯದ ಹಿಂದೆ ತನ್ನಿಷ್ಟದಂತೆ ನಡೆಯುವ ಹಟವಿದೆ ಎನ್ನುತ್ತಾನೆ. ಸತ್ತ ಹಿರಿಯ ಮಗ ಬೊರೊಮಿರ್ ಇದ್ದಿದ್ದರೆ ಉಂಗುರವನ್ನು ತನಗೆ ತಂದೊಪ್ಪಿಸುತ್ತಿದ್ದ ಎನ್ನುತ್ತಾನೆ. ಇಬ್ಬರ ಜಾಗ ಅದಲುಬದಲಾಗಿದ್ದರೆ ಚೆನ್ನಿತ್ತೆಂದು ಬಯಸುತ್ತೀರಾ ಎಂದು ಮಗ ನೇರವಾಗಿ ಕೇಳಿದಾಗ ತಂದೆ ಹೌದೆನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ: ಬೊರೊಮಿರ್ ತನಗೆ ನಿಷ್ಠನಾಗಿದ್ದ, ಮಾಂತ್ರಿಕನ ಶಿಷ್ಯನಾಗಿರಲಿಲ್ಲ.

ಈ ಕೊನೆಯ ಮೂದಲಿಕೆಯ ಬೇರು ಅನುಬಂಧದಲ್ಲಿದೆ ಎಂಬುದನ್ನು ಅಭಿಮಾನಿ ಓದು ಸರಿಯಾಗಿಯೇ ಗುರುತಿಸಿದೆ. ಡೆನೆಥೋರನ ತಂದೆ ಎಕ್ಥೆಲಿಯನ್ನನ ಕಾಲದಲ್ಲಿ ಥೊರೊಂಗಿಲ್ ಎಂಬ ಅಪರಿಚಿತ ದಂಡನಾಯಕನೊಬ್ಬ ಗೊಂಡೋರಿನ ಸೇವೆಯಲ್ಲಿದ್ದ. ಗೊಂಡೋರಿನ ಸಿಂಹಾಸನದ ಹಕ್ಕುದಾರ ಅರಗೋರ್ನ್ ವೇಷ ಮರೆಸಿ ಬಂದವನೇ ಅವನು. ಜನರ ಪ್ರೀತಿಯಲ್ಲೂ ತಂದೆಯ ಮನ್ನಣೆಯಲ್ಲೂ ಡೆನೆಥೋರನಿಗೆ ಅವನ ನಂತರದ ಸ್ಥಾನ. ಗ್ಯಾಂಡಾಲ್ಫನನ್ನು ಬರಮಾಡಿಕೊಳ್ಳಿ ಎಂದು ಸಲಹೆ ಕೊಟ್ಟವನೂ ಥೊರೊಂಗಿಲನೇ. ಹಾಗಾಗಿ ಮಗ ಗ್ಯಾಂಡಾಲ್ಫನ ಮಾತು ಕೇಳುವುದು ಡೆನೆಥೋರನಿಗೆ ಹಳೆಯ ಸೋಲಿನ ಎರಡನೆಯ ಕಂತು.

ಮರುದಿನದ ಸಭೆಯಲ್ಲಿ ಅವನು ಓಸ್ಗಿಲಿಯಾತ್‌ನ ನದಿದಾಟನ್ನು ಕಾಯಲೇಬೇಕು ಎನ್ನುತ್ತಾನೆ. ಅಷ್ಟು ಶ್ರಮದಿಂದ ಕಟ್ಟಿದ ಹೊರಗೋಡೆಯನ್ನು ಹೋರಾಡದೆ ಬಿಟ್ಟುಕೊಡಬಾರದು, ನದಿ ದಾಟುವುದಕ್ಕೆ ಶತ್ರು ದುಬಾರಿ ಬೆಲೆ ತೆರಬೇಕು ಎಂಬುದು ಅವನ ಲೆಕ್ಕ. ಯುದ್ಧನೀತಿಯ ದೃಷ್ಟಿಯಿಂದ ಈ ಲೆಕ್ಕ ಅಸಂಬದ್ಧವೇನಲ್ಲ. ಹಿಮ್ಮೆಟ್ಟುವ ಪಡೆ ಚೆಲ್ಲಾಪಿಲ್ಲಿಯಾಗುವ ಹೊತ್ತಿಗೆ ಸರಿಯಾಗಿ ಕುದುರೆ ದಳವನ್ನು ಹೊರಬಿಡುವವನೂ ಅವನೇ. ಕೋಟೆಬಾಗಿಲ ನೆರಳಿನಲ್ಲಿ ಕಾದು ನಿಂತ ಸವಾರರು ಹೊರಡುವುದು ಅವನ ಕಹಳೆಯ ಸೂಚನೆ ಕೇಳಿ. ಆದರೆ ಫಾರಮಿರನೂ ರಾಜಕುಮಾರ ಇಮ್ರಹಿಲನೂ ಆಕ್ಷೇಪಿಸಿದಾಗ ಡೆನೆಥೋರ್ ವಾದವನ್ನು ಮುಂದುವರಿಸುವುದಿಲ್ಲ. ಒಡೆಯನ ಇಚ್ಛೆ ನಡೆಸುವ ಧೈರ್ಯವಿರುವ ನಾಯಕ ಯಾರಾದರೂ ಇದ್ದಾನೆಯೇ ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆಯಲ್ಲಿ ಯುದ್ಧದ ನಿರ್ಧಾರ ಮನೆಯ ಜಗಳವಾಗಿ ಬದಲಾಗುತ್ತದೆ. ಬೊರೊಮಿರನ ಜಾಗದಲ್ಲಿ ನಾನು ಹೋಗುತ್ತೇನೆ ಎಂದು ಫಾರಮಿರ್ ಒಪ್ಪುತ್ತಾನೆ. ಮರಳಿ ಬಂದರೆ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ತಾಳಿ ಎಂದು ಬೇಡುತ್ತಾನೆ. ಅದು ನೀನು ಮರಳುವ ರೀತಿಯನ್ನು ಅವಲಂಬಿಸಿದೆ ಎಂಬ ಅರ್ಥದ ಉತ್ತರ ಬರುತ್ತದೆ.

ಆಜ್ಞೆ ಸರಿಯಾಗಿತ್ತು ಎನ್ನುವವರೂ ಅದು ಕ್ರೌರ್ಯ ಎನ್ನುವವರೂ ಈ ದೃಶ್ಯವನ್ನು ಎರಡಾಗಿ ಸೀಳುತ್ತಾರೆ. ದೃಶ್ಯದ ಬಲ ಇರುವುದೇ ಸೀಳಲಾಗದಿರುವುದರಲ್ಲಿ. ಸಮರ್ಥನೀಯ ಆಜ್ಞೆಯೊಂದನ್ನು ಡೆನೆಥೋರ್ ಶಿಕ್ಷೆಯಾಗಿ ಬಳಸುತ್ತಾನೆ, ಮತ್ತು ಬಳಸುತ್ತಿರುವುದು ಅವನಿಗೆ ಗೊತ್ತಿದೆ. ಎರಡು ದಿನಗಳ ನಂತರ, ಫಾರಮಿರ್ ಇನ್ನೂ ರಣರಂಗದಲ್ಲಿರುವಾಗ, ಸೌರಾನ್ ಇತರರನ್ನು ಆಯುಧಗಳಾಗಿ ಬಳಸುತ್ತಾನೆ, ಬುದ್ಧಿವಂತ ದೊರೆಗಳೆಲ್ಲ ಹಾಗೆಯೇ ಮಾಡುತ್ತಾರೆ, ತಾನೂ ಗೋಪುರದಲ್ಲಿ ಕೂತು ಮಕ್ಕಳನ್ನೇ ಖರ್ಚು ಮಾಡುತ್ತಿದ್ದೇನೆ ಎಂದು ಅವನೇ ಹೇಳುತ್ತಾನೆ. ಶತ್ರುವಿನೊಂದಿಗಿನ ಹೋಲಿಕೆಯನ್ನು ಯಾರೂ ಅವನ ಮೇಲೆ ಹೊರಿಸಿಲ್ಲ. ಅದು ಅವನ ಬಾಯಿಂದಲೇ ಬಂದದ್ದು.

ಇಲ್ಲಿ ಜೇನ್ ಚಾನ್ಸ್ ಅವರ ಓದಿನೊಂದಿಗೆ ತಕರಾರು ಅನಿವಾರ್ಯ. 1979ರ ತಮ್ಮ ಪುಸ್ತಕದಲ್ಲಿ ಅವರು ರೋಹನ್‌ನ ಅರಸ ಥೇಯೋಡೆನ್ ಮತ್ತು ಡೆನೆಥೋರ್ ಇಬ್ಬರನ್ನೂ ಜರ್ಮ್ಯಾನಿಕ್ ಪರಂಪರೆಯ ಒಳ್ಳೆಯ ಒಡೆಯ, ಕೆಟ್ಟ ಒಡೆಯ ಎಂಬ ಜೋಡಿಯಾಗಿ ಓದಿದರು. ಅಂದಿನಿಂದ ಇದು ಪಠ್ಯಪುಸ್ತಕದ ಮಾತಾಗಿದೆ. ಜೋಡಿ ನಿಜ: ಇಬ್ಬರೂ ಮಗನನ್ನು ಕಳೆದುಕೊಂಡ ಮುದುಕರು, ಇಬ್ಬರ ಬಳಿಯೂ ಒಬ್ಬ ಹಾಬಿಟ್ ಸೇವೆಗೆ ಸೇರುತ್ತಾನೆ. ಆದರೆ ಒಳ್ಳೆಯದು, ಕೆಟ್ಟದ್ದು ಎಂಬ ಪಟ್ಟಿ ಅಂಟಿಸಿದ ಕೂಡಲೇ ಮುಖ್ಯ ವ್ಯತ್ಯಾಸ ಮರೆಯಾಗುತ್ತದೆ. ಥೇಯೋಡೆನ್‌ಗೆ ಬಂದ ರೋಗ ಹೊರಗಿನದು: ವರ್ಮ್‌ಟಂಗ್ ಎಂಬ ಮಂತ್ರಿ ಕಿವಿಯಲ್ಲಿ ಊದಿದ್ದು. ಆ ಮಂತ್ರಿಯನ್ನು ಅಟ್ಟಿದರೆ ಅರಸ ಎದ್ದು ನಿಲ್ಲುತ್ತಾನೆ. ಡೆನೆಥೋರನ ಕಿವಿಯಲ್ಲಿ ಊದಿದವರು ಯಾರೂ ಇಲ್ಲ. ಅವನು ಯಾರ ಮಾತನ್ನೂ ಕೇಳುವವನಲ್ಲ, ಆದ್ದರಿಂದ ಅವನಿಂದ ಅಟ್ಟಿ ಓಡಿಸಬಹುದಾದದ್ದೂ ಏನಿಲ್ಲ. ಥೇಯೋಡೆನ್ ಗುಣವಾದ ಅರಸ; ಡೆನೆಥೋರ್ ರೋಗಿಯೇ ಅಲ್ಲ.

ವಿಚಿತ್ರವೆಂದರೆ ಚಾನ್ಸ್ ಅವರನ್ನು ವಿರೋಧಿಸುವ ಅಭಿಮಾನಿ ವಾದ ಅವರದೇ ತಪ್ಪನ್ನು ತಿರುಗಿಸಿ ಮಾಡುತ್ತದೆ. ಅದು ಡೆನೆಥೋರನನ್ನು ರೋಗಿಯನ್ನಾಗಿಸುತ್ತದೆ. ಪತ್ನಿ ಫಿಂಡುಯಿಲಾಸ್ 2988ರಲ್ಲಿ ತೀರಿಕೊಂಡಳು, ಹಿರಿಯ ಮಗ ಸತ್ತ, ಸೌರಾನ್ ಕಲ್ಲಿನ ಮೂಲಕ ಮೋಸಗೊಳಿಸಿದ, ಆದ್ದರಿಂದ ಅವನು ಕುಸಿದ ಎಂಬುದು ಆ ವಾದದ ಸಾರ. ಸಂಗತಿಗಳೆಲ್ಲ ನಿಜ, ಅವುಗಳಿಂದ ಕಟ್ಟಿದ ಕಾರ್ಯಕಾರಣ ಸಂಬಂಧ ಮಾತ್ರ ಸಡಿಲ. 1980ರ ‘ಅನ್‌ಫಿನಿಶ್ಡ್ ಟೇಲ್ಸ್’ ಸಂಕಲನದ ಪಲಂಟೀರ್ ಕುರಿತ ಪ್ರಬಂಧ ಇದಕ್ಕೆ ವಿರುದ್ಧವಾದ ಸಾಕ್ಷ್ಯ ಕೊಡುತ್ತದೆ: ಸೌರಾನನಿಗೆ ಕಲ್ಲಿನಿಂದ ಸುಳ್ಳು ಹೇಳಿಸಲಾಗದು, ಯಾವ ನಿಜವನ್ನು ತೋರಿಸಬೇಕೆಂದು ಆರಿಸಬಲ್ಲ ಅಷ್ಟೇ, ಇನ್ನೊಬ್ಬ ಮಾಂತ್ರಿಕ ಸಾರುಮಾನ್ ಅವನ ವಶವಾದ, ಡೆನೆಥೋರ್ ಆಗಲಿಲ್ಲ. ಕಲ್ಲು ಅವನಿಗೆ ಹತಾಶೆಯನ್ನು ಕೊಟ್ಟಿತು, ಸ್ವಭಾವವನ್ನು ಕೊಡಲಿಲ್ಲ. ಮಗನನ್ನು ಆಯುಧವೆಂದು ಕರೆದದ್ದು ಆ ಕೊನೆಯ ನೋಟಕ್ಕಿಂತ ಮುಂಚಿನ ಮಾತು.

ಆ ಸ್ವಭಾವದ ಹಳೆಯ ಸಾಕ್ಷ್ಯವೊಂದನ್ನು ಫಾರಮಿರ್ ಫ್ರೋಡೋನಿಗೆ ಹೇಳುತ್ತಾನೆ. ಅರಸ ಮರಳದಿದ್ದರೆ ರಾಜಪ್ರತಿನಿಧಿ ಅರಸನಾಗಲು ಎಷ್ಟು ನೂರು ವರ್ಷ ಬೇಕು ಎಂದು ಬಾಲಕ ಬೊರೊಮಿರ್ ಕೇಳಿದ್ದ. ಬೇರೆ ಸಣ್ಣ ನಾಡುಗಳಲ್ಲಿ ಕೆಲವೇ ವರ್ಷ ಸಾಕು, ಗೊಂಡೋರಿನಲ್ಲಿ ಹತ್ತು ಸಾವಿರ ವರ್ಷವೂ ಸಾಲದು ಎಂದು ಡೆನೆಥೋರ್ ಉತ್ತರಿಸಿದ್ದ. ಇದನ್ನು ಅವನ ನಿಷ್ಠೆಗೆ ಪುರಾವೆಯೆಂದು ಎತ್ತಿ ತೋರಿಸುವುದು ವಾಡಿಕೆ. ಆದರೆ ಚಿತೆಯ ಮುಂದೆ ಅವನು ಆಡುವ ಮಾತಿನ ಪಕ್ಕದಲ್ಲಿಟ್ಟರೆ ಅದರ ಬಣ್ಣ ಬದಲಾಗುತ್ತದೆ. ಅರಸುತನದ ಹಕ್ಕುದಾರ ಅರಗೋರ್ನ್ ನಿಜಕ್ಕೂ ಬಂದಾಗ, ಹಕ್ಕು ಸಾಬೀತಾದರೂ ಅವನು ಇಸಿಲ್ದೂರನ ವಂಶದವನು, ಗೊಂಡೋರನ್ನಾಳಿದ ಅನಾರಿಯನ್ನನ ಮನೆಯವನಲ್ಲ ಎಂದು ಡೆನೆಥೋರ್ ತಳ್ಳಿಹಾಕುತ್ತಾನೆ. ಇದು ಹುಚ್ಚನ ಬಡಬಡಿಕೆಯಲ್ಲ, ಪೂರ್ವನಿದರ್ಶನವಿರುವ ಕಾನೂನಿನ ವಾದ: ತೃತೀಯ ಯುಗದ 1944ರಲ್ಲಿ ಇಸಿಲ್ದೂರನ ವಂಶದ ಅರವೆದುಯಿ ಇದೇ ಹಕ್ಕು ಮಂಡಿಸಿದಾಗ ಅಂದಿನ ರಾಜಪ್ರತಿನಿಧಿ ಪೆಲೆಂಡೂರನ ನೇತೃತ್ವದಲ್ಲಿ ಗೊಂಡೋರ್ ಇದೇ ಕಾರಣಕ್ಕೆ ಅದನ್ನು ತಿರಸ್ಕರಿಸಿತ್ತು. ಬೆಂಕಿಯ ಮುಂದೆಯೂ ಅವನ ತರ್ಕ ಕೆಟ್ಟಿಲ್ಲ. ಖಾಲಿ ಸಿಂಹಾಸನವನ್ನು ಹತ್ತು ಸಾವಿರ ವರ್ಷ ಕಾಯಲು ಅವನು ಸಿದ್ಧ. ಅದರ ಮೇಲೆ ಯಾರಾದರೂ ಕೂತುಬಿಡುವುದನ್ನು ಮಾತ್ರ ಸಹಿಸಲಾರ. ತನ್ನ ಪೂರ್ವಿಕರ ಕಾಲದಲ್ಲಿದ್ದಂತೆ ಎಲ್ಲವೂ ಇರಬೇಕು, ಇಲ್ಲವಾದರೆ ಏನೂ ಬೇಡ ಎಂಬುದೇ ಅವನ ಕೊನೆಯ ಬೇಡಿಕೆ.

ಡಬ್ಲ್ಯು. ಎಚ್. ಆಡನ್ ಅವರ 1956ರ ವಿಮರ್ಶೆಗೆ ಬರೆದ ಟಿಪ್ಪಣಿಯಲ್ಲಿ ಟೋಲ್ಕಿನ್, ಡೆನೆಥೋರನಿಗೆ ಬರಿಯ ರಾಜಕೀಯದ ಸೋಂಕು ತಗಲಿತ್ತು, ಸೌರಾನನನ್ನು ಅವನು ವಿರೋಧಿಸಿದ್ದು ದುಷ್ಟನೆಂಬುದಕ್ಕಿಂತ ಬಲಿಷ್ಠ ಎದುರಾಳಿಯೆಂಬ ಕಾರಣಕ್ಕೆ ಎಂಬ ಅರ್ಥದ ಮಾತು ಬರೆದಿದ್ದಾರೆ. ಲೇಖಕನ ಟಿಪ್ಪಣಿ ವಿಮರ್ಶೆಗೆ ಅಂತಿಮ ಪ್ರಮಾಣವಾಗಬೇಕಿಲ್ಲ. ಆದರೆ ಈ ಮಾತಿಗೆ ಕೃತಿಯೊಳಗೇ ಆಧಾರವಿದೆ, ಮತ್ತು ಸಹಾನುಭೂತಿಯ ಓದಿಗಿಂತ ಇದು ಪಾತ್ರಕ್ಕೆ ಹೆಚ್ಚಿನ ಗೌರವ ಕೊಡುತ್ತದೆ. ಅಭಿಮಾನಿ ವಿಶ್ಲೇಷಣೆ ಡೆನೆಥೋರನನ್ನು ಸಿನಿಮಾದ ವಿಡಂಬನೆಯಿಂದಲೂ ವಿಮರ್ಶಕರ ಪಟ್ಟಿಯಿಂದಲೂ ಬಿಡಿಸಿದ್ದು ದೊಡ್ಡ ಕೆಲಸ. ಅದು ಕಲೆಹಾಕಿದ ದಿನಾಂಕ, ವಂಶಾವಳಿ, ಅನುಬಂಧಗಳ ಸಾಕ್ಷ್ಯವಿಲ್ಲದೆ ಈ ಪಾತ್ರವನ್ನು ಇನ್ನು ಮುಂದೆ ಯಾರೂ ಜವಾಬ್ದಾರಿಯಿಂದ ಓದಲಾರರು. ಆದರೆ ದುಃಖವನ್ನೂ ಕಲ್ಲನ್ನೂ ಮುಂದಿಟ್ಟು ಕ್ಷಮೆ ಕೊಡಿಸಿದಾಗ ಅವನ ತಪ್ಪಿನ ಜೊತೆಗೆ ಅವನ ಆಯ್ಕೆಯೂ ಹೋಗುತ್ತದೆ, ಉಳಿಯುವುದು ಕನಿಕರಕ್ಕೆ ಪಾತ್ರನಾದ ಮುದುಕ. ಕಾದಂಬರಿಯ ಡೆನೆಥೋರ್ ಎಲ್ಲವನ್ನೂ ಬಲ್ಲವನಾಗಿ, ಸ್ವಸ್ಥ ಬುದ್ಧಿಯಿಂದಲೇ ತಪ್ಪು ನಿರ್ಧಾರಕ್ಕೆ ಬಂದವನು. ಅವನಿಗೆ ಬೇಕಾದದ್ದು ವಕೀಲರಲ್ಲ, ಅವನ ಮಾತನ್ನು ಅವನದೇ ಮಾತೆಂದು ಒಪ್ಪಿ ಓದುವ ಓದುಗರು.