ಕ್ರೂಸೋನ ಜಮಾ-ಖರ್ಚು: ಕ್ರೈಸ್ತ ಶ್ರದ್ಧೆ ಮತ್ತು ಲೌಕಿಕ ಸಿದ್ಧಿ

ಡೇನಿಯಲ್ ಡೀಫೋನ ‘ರಾಬಿನ್ಸನ್ ಕ್ರೂಸೋ’ 1719ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದಾಗ ಅದರ ಮುಖಪತ್ರದಲ್ಲಿ ಗ್ರಂಥಕರ್ತನ ಹೆಸರಿರಲಿಲ್ಲ. ಕಥಾನಾಯಕನು ತಾನೇ ಬರೆದುದೆಂದು ಅಚ್ಚಾಗಿತ್ತು. ನಮ್ಮಲ್ಲಿ ಈ ಕೃತಿ ಬಹುಮಟ್ಟಿಗೆ ಶಾಲೆಯ ಮಕ್ಕಳ ಸಂಕ್ಷಿಪ್ತ ಕಥೆಯಾಗಿಯೇ ಪ್ರಚಾರಕ್ಕೆ ಬಂದುದರಿಂದ ತೊಗಲಿನ ಕೊಡೆ, ಮಾತನಾಡುವ ಗಿಳಿ, ಮರಳಿನ ಮೇಲಿನ ಒಂಟಿ ಹೆಜ್ಜೆ, ಇವಿಷ್ಟೇ ಓದಿದವರ ನೆನಪಿನಲ್ಲಿ ಉಳಿದಿವೆ. ಸಂಕ್ಷೇಪಕಾರರ ಕತ್ತರಿಗೆ ಮೊದಲು ಸಿಕ್ಕುವುದು ಕ್ರೂಸೋನ ಪ್ರಾರ್ಥನೆ. ಎರಡನೆಯದು ಅವನ ಲೆಕ್ಕಪತ್ರ. ಮೂಲಗ್ರಂಥವಾದರೋ ನಿಂತಿರುವುದು ಈ ಎರಡು ಕಂಬಗಳ ಮೇಲೆಯೇ. ಅವುಗಳ ನಡುವಣ ಸಂಬಂಧವೇನೆಂಬುದೇ ಕೃತಿಯನ್ನು ಕುರಿತು ಇಂದಿಗೂ ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆ ಕೇವಲ ಪಂಡಿತರದಲ್ಲ. ದೇವರನ್ನು ನಂಬಿದವನು ಬಾಳಿನಲ್ಲಿ ಗೆಲ್ಲುತ್ತಾನೆ, ಗೆಲ್ಲುವೆನೆಂಬ ನಂಬಿಕೆಯೇ ಗೆಲುವಿನ ಅರ್ಧ ಎಂಬ ಬೋಧನೆ ಅಮೆರಿಕದ ಪುಸ್ತಕಗಳ ಮೂಲಕ ಲೋಕವೆಲ್ಲ ಹಬ್ಬಿದೆ. ನ್ಯೂಯಾರ್ಕಿನ ಧರ್ಮೋಪದೇಶಕ ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ ಪ್ರಕಟಿಸಿದ ‘ದಿ ಪವರ್ ಆಫ್ ಪಾಸಿಟಿವ್ ಥಿಂಕಿಂಗ್’ ಇವುಗಳಲ್ಲಿ ಸುಪ್ರಸಿದ್ಧವಾದುದು. ಪ್ರಾರ್ಥನೆಯನ್ನು ಅಲ್ಲಿ ಔಷಧದಂತೆ ಹೊತ್ತುಹೊತ್ತಿಗೆ ಸೇವಿಸಲು ಹೇಳಲಾಗಿದೆ. ಫಲ ಖಚಿತವೆಂದು ಆಶ್ವಾಸನೆಯನ್ನೂ ಕೊಡಲಾಗಿದೆ. ಇಂಥ ಸಾಹಿತ್ಯಕ್ಕೆ ಕ್ರೂಸೋ ಮೂಲಪುರುಷನೆಂದು ಎಣಿಸುವುದು ಸುಲಭ. ಒಂಟಿಯಾಗಿದ್ದನು, ಎದೆಗುಂದಲಿಲ್ಲ, ಬೈಬಲನ್ನು ಓದಿದನು, ದುಡಿದನು, ಸಿರಿವಂತನಾದನು. ಕಥೆಯ ಹೊರಮೈ ಹೀಗೆಯೇ ಇದೆ. ಒಳಗೆ ಇಳಿದವರಿಗೆ ಕಾಣುವುದೇ ಬೇರೆ.

ವಿಮರ್ಶಕರಲ್ಲಿ ಎರಡು ಪಕ್ಷಗಳಿವೆ. ಜರ್ಮನಿಯ ಮ್ಯಾಕ್ಸ್ ವೇಬರ್ 1904-05ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪ್ರಾಟೆಸ್ಟಂಟ್ ನೀತಿಗೂ ಬಂಡವಾಳಶಾಹಿಯ ಮನೋಧರ್ಮಕ್ಕೂ ಉಳ್ಳ ನಂಟನ್ನು ವಿವೇಚಿಸಿದನು. ಮೋಕ್ಷ ಯಾರಿಗೆಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆಂಬ ಕ್ಯಾಲ್ವಿನ್ ಮತದ ಕಠೋರ ಸಿದ್ಧಾಂತವು ಭಕ್ತನನ್ನು ತೀರದ ಕಳವಳಕ್ಕೆ ನೂಕಿತು. ತನ್ನ ವೃತ್ತಿಯಲ್ಲಿ ಎಡೆಬಿಡದೆ ದುಡಿಯುವುದೇ ಆ ಕಳವಳಕ್ಕೆ ಪರಿಹಾರವೆಂದು ಪಾದ್ರಿಗಳು ಬೋಧಿಸಿದರು. ದುಡಿಮೆಯಿಂದ ಬಂದುದನ್ನು ಭೋಗಿಸುವಂತಿರಲಿಲ್ಲವಾದ್ದರಿಂದ ಅದು ಬಂಡವಾಳವಾಗಿ ಬೆಳೆಯಿತು. ವೇಬರನ ವಾದದ ತಿರುಳು ಇದು. ಗಮನಿಸಬೇಕಾದುದೇನೆಂದರೆ, ಇಲ್ಲಿ ಚಾಲಕಶಕ್ತಿ ಆತ್ಮವಿಶ್ವಾಸವಲ್ಲ, ಭಯ. ಪೀಲ್ ಮಹಾಶಯನ ನಗುಮುಖದ ಶ್ರದ್ಧೆಗೂ ಇದಕ್ಕೂ ಅಜಗಜಾಂತರ. ಪ್ರಬಂಧದ ಕೊನೆಗೆ ಬಂದಾಗ ವೇಬರ್ ಕ್ರೂಸೋನನ್ನೂ ಹೆಸರಿಸುತ್ತಾನೆ: ಬನಿಯನ್ನನ ಯಾತ್ರಿಕನು ನಿಂತಿದ್ದ ಎಡೆಯಲ್ಲಿ, ಬಿಡುವಿನ ವೇಳೆಯಲ್ಲಿ ಮತಪ್ರಚಾರವನ್ನೂ ನಡೆಸುವ ಒಂಟಿ ಅರ್ಥಪುರುಷನು ಬಂದು ನಿಂತನೆಂಬುದು ಅವನ ಸೂಚನೆ. ಆ ಯಾತ್ರಿಕನು ಮಿಶನರಿಗಳ ‘ಯಾತ್ರಿಕನ ಸಂಚಾರ’ದ ಮೂಲಕ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡಕ್ಕೂ ಬಂದವನು. ಅದಕ್ಕೂ ಮೊದಲೇ, 1867ರಲ್ಲಿ, ಕಾರ್ಲ್ ಮಾರ್ಕ್ಸ್ ತನ್ನ ‘ಕ್ಯಾಪಿಟಲ್’ನಲ್ಲಿ ಕ್ರೂಸೋನ ದುಡಿಮೆಯ ಹೊತ್ತನ್ನು ಅಳೆದು ಹಂಚಿ ತೋರಿಸಿ, ಪ್ರಾರ್ಥನೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯದೆ ವಿನೋದದ ಬಾಬಿಗೆ ಸೇರಿಸಿ ಬದಿಗಿರಿಸಿದ್ದನು. ಅಯನ್ ವಾಟ್ 1957ರ ‘ದಿ ರೈಸ್ ಆಫ್ ದಿ ನಾವೆಲ್’ನಲ್ಲಿ ಈ ದಾರಿಯನ್ನೇ ಮುಂದುವರಿಸಿದನು, ಅವನ ದೃಷ್ಟಿಯಲ್ಲಿ ಕ್ರೂಸೋನ ಧರ್ಮ ಮೇಲುಲೇಪ, ಅರ್ಥವೇ ಮೂಲದ್ರವ್ಯ. ಇದಕ್ಕೆ ಪ್ರತಿಯಾಗಿ ಜಿ. ಎ. ಸ್ಟಾರ್ 1965ರಲ್ಲಿ, ಜೆ. ಪಾಲ್ ಹಂಟರ್ 1966ರಲ್ಲಿ, ಪಾಪ, ಪಶ್ಚಾತ್ತಾಪ, ಉದ್ಧಾರ ಎಂಬ ಪ್ಯೂರಿಟನ್ ಆತ್ಮವೃತ್ತಾಂತಗಳ ಚೌಕಟ್ಟಿನಲ್ಲಿಯೇ ಈ ಕಥೆ ರಚಿತವಾಗಿದೆಯೆಂದು ವಿಸ್ತಾರವಾಗಿ ತೋರಿಸಿದರು.

ಎರಡು ಪಕ್ಷಗಳೂ ಕೃತಿಯಿಂದ ಆಧಾರಗಳನ್ನು ಎತ್ತಬಲ್ಲವು. ಡೀಫೋನ ಬಾಳೇ ಹಾಗಿತ್ತು. ರಾಜ್ಯದ ಅಧಿಕೃತ ಚರ್ಚನ್ನು ಒಪ್ಪದ ಡಿಸೆಂಟರ್ ಮನೆತನದಲ್ಲಿ, ಮೇಣದ ಬತ್ತಿಯ ವ್ಯಾಪಾರಿಯ ಮಗನಾಗಿ ಹುಟ್ಟಿದವನು. ಪಾದ್ರಿಯಾಗಲೆಂದು ನ್ಯೂಯಿಂಗ್ಟನ್ ಗ್ರೀನಿನ ಪಾಠಶಾಲೆಗೆ ಕಳುಹಿಸಲ್ಪಟ್ಟವನು. ಅದನ್ನು ಬಿಟ್ಟು ವ್ಯಾಪಾರಕ್ಕೆ ಇಳಿದವನು. 1692ರಲ್ಲಿ 17,000 ಪೌಂಡುಗಳ ಸಾಲದೊಡನೆ ದಿವಾಳಿಯೆದ್ದನು. 1703ರಲ್ಲಿ ತನ್ನದೊಂದು ವ್ಯಂಗ್ಯಬರಹಕ್ಕಾಗಿ ಬಹಿರಂಗ ದಂಡನೆಗೆ ಗುರಿಯಾದಾಗ ಟಿಲ್ಬರಿಯಲ್ಲಿದ್ದ ಅವನ ಇಟ್ಟಿಗೆ-ಹಂಚಿನ ಕಾರ್ಖಾನೆಯೂ ಮುಳುಗಿತು. ಗೆಲುವಿನ ಮಹಾಕಥೆಯೆನಿಸಿದ ಕೃತಿಯನ್ನು ಬರೆದಾತ ತನ್ನ ವ್ಯಾಪಾರದಲ್ಲಿ ಗೆದ್ದವನಲ್ಲ. ಅದನ್ನು ಬರೆದಾಗ ಅವನಿಗೆ ಅರವತ್ತರ ಹತ್ತಿರ. ಸಾಲದ ಪುಸ್ತಕದಲ್ಲಿ ಎಡಬದಿ ಎಷ್ಟು ಭಾರವಾಗಬಲ್ಲದೆಂಬುದನ್ನು ಅನುಭವಿಸಿ ತಿಳಿದವನ ಕೈಬರಹ ಅದು.

ಆ ಪುಸ್ತಕವನ್ನೇ ನೋಡಬಹುದು. ದ್ವೀಪವನ್ನು ಸೇರಿದ ಕೆಲಕಾಲದ ಮೇಲೆ ಕ್ರೂಸೋ ತನ್ನ ಸ್ಥಿತಿಯನ್ನು ಕೆಡುಕು-ಒಳಿತುಗಳೆಂದು ಎರಡು ಕಲಮುಗಳಲ್ಲಿ ಬರೆದಿಡುತ್ತಾನೆ. ಸಾಲಗಾರ-ಸಾಹುಕಾರರ ಲೆಕ್ಕದಂತೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಬಿಡುಗಡೆಯ ಆಸೆಯಿಲ್ಲದ ನಿರ್ಜನ ದ್ವೀಪ ಒಂದೆಡೆ. ಜೊತೆಯವರಂತೆ ಮುಳುಗಿ ಸಾಯಲಿಲ್ಲವೆಂಬುದು ಇನ್ನೊಂದೆಡೆ. ಉಡಲು ಬಟ್ಟೆಯಿಲ್ಲ, ಬಿಸಿಲ ನಾಡಾದ್ದರಿಂದ ಬಟ್ಟೆಯ ಅಗತ್ಯವೂ ಇಲ್ಲ. ಮಾತಿಗೆ ಮನುಷ್ಯರಿಲ್ಲ, ಆದರೆ ದೇವರು ಹಡಗನ್ನು ದಡದ ಸಮೀಪಕ್ಕೆ ತಂದು ಸಾಮಗ್ರಿಗಳನ್ನು ಒದಗಿಸಿದನು. ಲೇವಾದೇವಿಯ ಲೆಕ್ಕ ಬಲ್ಲವರು ಇದನ್ನು ಖಾತೆಯೆಂದು ಒಪ್ಪುವುದು ಕಷ್ಟ. ಬಲಬದಿಯ ಒಂದು ರಕಮೂ ಎಡಬದಿಯದನ್ನು ತೀರಿಸುವುದಿಲ್ಲ. ಅದೇ ಸಂಗತಿಯನ್ನು ಇನ್ನೊಂದು ಮಗ್ಗುಲಿನಿಂದ ಓದುತ್ತದೆ, ಅಷ್ಟೆ. ಶಿಲ್ಕನ್ನೂ ತೆಗೆದಿಲ್ಲ. ಇನ್ನೊಂದು ಮಾತು: ಈ ಖಾತೆ ಅವನ ಮನಃಪರಿವರ್ತನೆಗೆ ಮುಂಚಿನದು. ದೇವರ ಹೆಸರು ಅಲ್ಲಿ ಬಂದಿದ್ದರೂ ಅದು ಇನ್ನೂ ರೂಢಿಯ ಮಾತು. ಅಂದರೆ ಹತಾಶೆಯಿಂದ ಅವನನ್ನು ಮೊದಲು ಎತ್ತಿದುದು ಭಕ್ತಿಯಲ್ಲ, ವರ್ತಕನ ಅಭ್ಯಾಸ.

ಆಮೇಲಿನ ಬಾರ್ಲಿಯ ಪ್ರಸಂಗ ಇಡೀ ಕೃತಿಯ ಮರ್ಮಸ್ಥಾನ. ಬಂಡೆಯ ನೆರಳಿನಲ್ಲಿ ಹತ್ತು ಹನ್ನೆರಡು ತೆನೆಗಳು ಮೂಡಿರುವುದನ್ನು ಕಂಡು ಕ್ರೂಸೋ, ದೇವರು ತನಗಾಗಿ ಪವಾಡ ನಡೆಸಿದನೆಂದು ಕಣ್ಣೀರಿಡುತ್ತಾನೆ. ಕೋಳಿಯ ಮೇವಿನ ಚೀಲವನ್ನು ತಾನೇ ಅಲ್ಲಿ ಕೊಡವಿದ್ದು ಆಮೇಲೆ ನೆನಪಾಗುತ್ತದೆ; ಕಾರಣ ತಿಳಿದೊಡನೆ ಕೃತಜ್ಞತೆ ಇಳಿದುಹೋಗುತ್ತದೆ. ಮುಂದೆ, ಇಲಿಗಳು ತಿಂದು ಬಿಟ್ಟ ಹೊಟ್ಟಿನಲ್ಲಿ ಹತ್ತಾರು ಕಾಳು ಕೆಡದೆ ಉಳಿದು ನೆರಳಿರುವ ಜಾಗಕ್ಕೇ ಬಿದ್ದುದು ಪವಾಡಕ್ಕಿಂತ ಕಡಿಮೆಯೇನಲ್ಲವೆಂಬ ವಿವೇಕ ಮೂಡುತ್ತದೆ. ಡೀಫೋ ಇಲ್ಲಿ ಶ್ರದ್ಧೆಗೆ ಕೊಡುವ ಅರ್ಥ ಬಹಳ ಸೂಕ್ಷ್ಮ. ಅದು ಕಾರ್ಯಕಾರಣವನ್ನು ಅಲ್ಲಗಳೆಯುವುದಿಲ್ಲ. ಕಾರಣ ಗೊತ್ತಾದ ಮೇಲೂ ಕೃತಜ್ಞತೆಯನ್ನು ಉಳಿಸಿಕೊಳ್ಳುವ ಶಕ್ತಿಯೇ ಅದು. ವಾಟ್ ಹೇಳುವ ಮೇಲುಲೇಪದ ವಾದ ಈ ಪುಟಗಳ ಮುಂದೆ ನಿಲ್ಲುವುದಿಲ್ಲ.

ಚಳಿಜ್ವರ ಬಂದಾಗಿನ ಪ್ರಸಂಗವೂ ಇಂಥದೇ. ಬ್ರೆಜಿಲಿನವರ ಮದ್ದೆಂದು ಹೊಗೆಸೊಪ್ಪನ್ನು ಹುಡುಕಲು ಪೆಟ್ಟಿಗೆ ತೆರೆದವನಿಗೆ ಬೈಬಲೂ ಕೈಗೆ ಬರುತ್ತದೆ. ಸಂಕಟದಲ್ಲಿ ಕರೆದರೆ ಬಿಡುಗಡೆ ಮಾಡುವೆನೆಂಬ ಕೀರ್ತನೆಯ ವಾಕ್ಯವನ್ನು ಅವನು ಮೊದಲು ದ್ವೀಪದಿಂದ ಬಿಡುಗಡೆಯೆಂದೇ ತಿಳಿಯುತ್ತಾನೆ. ದಿನಗಳುರುಳಿದ ಮೇಲೆ ಅದು ಪಾಪದಿಂದ ಬಿಡುಗಡೆಯೆಂದು ಕಾಣುತ್ತಾನೆ. ಈ ಎರಡನೆಯ ಓದಿನಲ್ಲಿ ಲೌಕಿಕ ಸಿದ್ಧಿಯ ಬೇಡಿಕೆಯೇ ಕರಗಿಹೋಗುತ್ತದೆ. ಶ್ರದ್ಧೆಯು ಗೆಲುವಿಗೆ ಸಾಧನವೆನ್ನುವವರು ಮೊದಲ ಓದಿನಲ್ಲಿಯೇ ನಿಂತವರೆನ್ನಬೇಕು.

ಪರಿವರ್ತನೆಯಾದ ಮೇಲೆ ಕ್ರೂಸೋ ಗೆಲ್ಲುತ್ತಲೇ ಹೋದನೋ ಎಂದರೆ ಅದೂ ಇಲ್ಲ. ದೇವದಾರುವಿನ ಹೆಮ್ಮರವೊಂದನ್ನು ಉರುಳಿಸಲು ಇಪ್ಪತ್ತು ದಿನ, ಕೊಂಬೆರೆಂಬೆ ಸವರಲು ಹದಿನಾಲ್ಕು ದಿನ, ಕಡೆದು ದೋಣಿ ಮಾಡಲು ತಿಂಗಳುಗಟ್ಟಲೆ ವ್ಯಯಿಸಿ, ಅದನ್ನು ನೀರಿಗೆ ಸಾಗಿಸಲಾರದೆ ಕೈಚೆಲ್ಲಿದ್ದು ಈ ಭಕ್ತನೇ. ತಗಲುವ ವೆಚ್ಚವನ್ನು ಮೊದಲು ಎಣಿಸಬೇಕಿತ್ತೆಂದು ಅವನೇ ಹಳಹಳಿಸುತ್ತಾನೆ. ಹದಿನೈದನೆಯ ವರ್ಷದಲ್ಲಿ ಮರಳಿನ ಮೇಲೆ ಹೆಜ್ಜೆ ಕಂಡಾಗಲಂತೂ ಭಯವು ಅವನ ಭರವಸೆಯನ್ನೆಲ್ಲ ಓಡಿಸಿಬಿಡುತ್ತದೆ. ಶ್ರದ್ಧೆ ಅವನಲ್ಲಿ ಒಮ್ಮೆ ಇಟ್ಟ ಮುದ್ದತು ಠೇವಣಿಯಲ್ಲ. ದಿನದಿನವೂ ಏರಿಳಿಯುವ ಶಿಲ್ಕು.

ಹಾಗಾದರೆ ಅವನ ಸಿರಿ ಎಲ್ಲಿಂದ ಬಂತು? ದ್ವೀಪದಿಂದಂತೂ ಅಲ್ಲ. ಇಪ್ಪತ್ತೆಂಟು ವರ್ಷಗಳ ಬೆವರು ಅವನ ಹೊಟ್ಟೆ ಹೊರೆದಿತು, ಅಷ್ಟೆ. 1687ರಲ್ಲಿ ಇಂಗ್ಲೆಂಡಿಗೆ ಮರಳಿ ಲಿಸ್ಬನ್ನಿಗೆ ಹೋಗಿ ವಿಚಾರಿಸಿದಾಗ, ಬ್ರೆಜಿಲಿನಲ್ಲಿ ಅವನು ಬಿಟ್ಟುಬಂದಿದ್ದ ತೋಟ ಅವನಿಲ್ಲದೆಯೇ ಬೆಳೆದಿತ್ತು. ಐದು ಸಾವಿರ ಪೌಂಡುಗಳಿಗೂ ಮೀರಿದ ನಗದು, ಜೊತೆಗೆ ವರ್ಷಕ್ಕೆ ಸಾವಿರ ಪೌಂಡುಗಳಿಗೂ ಹೆಚ್ಚಿನ ಉತ್ಪತ್ತಿಯ ಆಸ್ತಿ. ಕ್ರೂಸೋ ಯೋಬನ ಕಡೆಗಾಲವನ್ನು ನೆನೆಯುತ್ತಾನೆ. ಆದರೆ ಆ ತೋಟಗಳಲ್ಲಿ ದುಡಿದವರು ಗುಲಾಮರು. ಅವನ ಹಡಗು ಒಡೆದದ್ದೂ ಗಿನಿಯಿಂದ ಗುಲಾಮರನ್ನು ತರಲು ಹೊರಟಾಗಲೇ. ತಂದೆಯ ಮಾತು ಮೀರಿದ ಪಾಪಕ್ಕಾಗಿ ಪದೇ ಪದೇ ಪರಿತಪಿಸುವವನು, ಆ ಯಾತ್ರೆಯನ್ನು ಅವಿವೇಕವೆಂದು ಹಳಿಯುತ್ತಾನೆಯೇ ಹೊರತು ಆ ವ್ಯಾಪಾರವನ್ನು ಪಾಪವೆಂದು ಎಲ್ಲಿಯೂ ಬರೆದುಕೊಳ್ಳುವುದಿಲ್ಲ. ಅವನ ಹಣವನ್ನು ಪ್ರಾಮಾಣಿಕವಾಗಿ ಕಾಯ್ದವರು ಕ್ಯಾಥೊಲಿಕರು. ಮತದ ಅಂಜಿಕೆಯಿಂದ ಬ್ರೆಜಿಲಿಗೆ ಮರಳಲೊಲ್ಲದೆ ತೋಟವನ್ನು ಮಾರಿದವನು ಅವನು.

ಶರಣರ ಕಾಯಕ ತತ್ತ್ವವನ್ನು ಪ್ರಾಟೆಸ್ಟಂಟ್ ನೀತಿಯೊಡನೆ ಸಮೀಕರಿಸುವ ಪರಿಪಾಠ ನಮ್ಮ ವಿದ್ವಾಂಸರಲ್ಲಿ ಬೆಳೆದಿದೆ. ದುಡಿಮೆಗೆ ಧರ್ಮದ ಗೌರವ ಸಂದ ಮಟ್ಟಿಗೆ ಈ ಹೋಲಿಕೆ ನಿಜ. ಆದರೆ ಕಾಯಕದ ಬೆನ್ನಿಗೇ ದಾಸೋಹವಿದೆ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಿರುಗಿಸಿದ ಕಥೆ ಕನ್ನಡಿಗರಿಗೆ ಹೇಳಿಕೊಡಬೇಕಾದುದಲ್ಲ. ಕ್ರೂಸೋ ಒಡೆದ ಹಡಗಿನಲ್ಲಿ ಸಿಕ್ಕ ಮೂವತ್ತಾರು ಪೌಂಡುಗಳ ಹಣವನ್ನು ಕಸವೆಂದು ಬೈದು, ಮರುಕ್ಷಣವೇ ಯೋಚಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಹೊರಡುತ್ತಾನೆ. ಉಳಿಕೆಯನ್ನು ಹಿಂದಿರುಗಿಸುವ ಧರ್ಮದಿಂದ ಬಂಡವಾಳ ಹುಟ್ಟದು. ಸಮೀಕರಿಸುವವರು ಈ ವ್ಯತ್ಯಾಸವನ್ನು ತೂಗಿ ನೋಡಿದಂತಿಲ್ಲ.

ಕ್ರೂಸೋನ ಶ್ರದ್ಧೆ ಸೋಗಿನದಲ್ಲ. ಆದರೆ ಅದು ಒಂಟಿತನದಲ್ಲಿ ಬೆಳೆದ ಶ್ರದ್ಧೆ. ಇನ್ನೊಬ್ಬ ಮನುಷ್ಯ ಎದುರಾದಾಗ ತೊಡರುತ್ತದೆ. ಫ್ರೈಡೇಗೆ ಅವನು ಕಲಿಸಿದ ಮೊದಲ ಮಾತುಗಳಲ್ಲಿ ‘ಒಡೆಯ’ ಎಂಬುದೊಂದು. ದೇವರು ಸೈತಾನನಿಗಿಂತ ಬಲಶಾಲಿಯಾದರೆ ಅವನನ್ನು ಕೊಲ್ಲಬಾರದೇಕೆಂದು ಫ್ರೈಡೇ ಮುಗ್ಧನಾಗಿ ಕೇಳಿದಾಗ ಗುರುವಿಗೆ ಉತ್ತರ ಹೊಳೆಯದು. ಕೇಳಿಸದವನಂತೆ ನಟಿಸಿ, ಕಡೆಗೆ ಏನೋ ಕೆಲಸ ಹೇಳಿ ಅವನನ್ನು ದೂರ ಕಳುಹಿಸುತ್ತಾನೆ.

ಇದಕ್ಕಿಂತ ಗುರುತರವಾದುದು ಜೂರಿಯ ಪ್ರಕರಣ. ಮೂರರ ಸೆರೆಯಿಂದ ಕ್ರೂಸೋನೊಡನೆ ತಪ್ಪಿಸಿಕೊಂಡು ಬಂದ ಆ ಹುಡುಗನನ್ನು ಪೋರ್ಚುಗೀಸ್ ಕಪ್ತಾನನು ಅರವತ್ತು ಬೆಳ್ಳಿ ನಾಣ್ಯಗಳಿಗೆ ಕೊಂಡನು. ಕ್ರೈಸ್ತನಾದರೆ ಹತ್ತು ವರ್ಷಗಳಲ್ಲಿ ಬಿಡುಗಡೆ ಮಾಡುವುದಾಗಿ ಮಾತು ಕೊಟ್ಟನು. ತನ್ನ ಬಿಡುಗಡೆಯ ಜೊತೆಗಾರನನ್ನು ಮಾರಲು ಕ್ರೂಸೋ ಮೊದಲು ಹಿಂಜರಿದದ್ದುಂಟು. ತೋಟದ ಕೆಲಸಕ್ಕೆ ಆಳು ಸಾಲದೆ ಬಂದಾಗ ಅವನನ್ನು ಬಿಟ್ಟುಕೊಟ್ಟುದು ತಪ್ಪಾಯಿತೆಂದು ಕೊರಗಿದನು. ಮುಂದೆ ಲಿಸ್ಬನ್ನಿನಲ್ಲಿ ಮುದುಕನಾದ ಅದೇ ಕಪ್ತಾನನನ್ನು ಕಂಡು, ಅವನ ಸಾಲವನ್ನು ಮನ್ನಾ ಮಾಡಿ, ವರ್ಷಕ್ಕೆ ನೂರು ಮೊಯ್ಡೋರುಗಳ ಜೀವನಾಂಶವನ್ನೂ ಅವನ ಮಗನಿಗೆ ಐವತ್ತನ್ನೂ ಗೊತ್ತುಮಾಡಿದನು. ಹಣ ಕಾಯ್ದ ವಿಧವೆಗೂ ತನ್ನ ಸೋದರಿಯರಿಗೂ ಉಡುಗೊರೆ ಕಳುಹಿಸಿದನು. ತೋಟದ ಉತ್ಪತ್ತಿಯನ್ನು ವರ್ಷವರ್ಷದ ಲೆಕ್ಕ ಸಹಿತ ವಿಚಾರಿಸಿಕೊಂಡನು. ಹತ್ತು ವರ್ಷಗಳ ಆ ವಾಯಿದೆ ತೀರಿ ಎರಡು ದಶಕಗಳಿಗೂ ಮಿಕ್ಕಿತ್ತು; ಜೂರಿ ಏನಾದನೆಂದು ಕಪ್ತಾನನನ್ನು ಅವನು ಕೇಳಲಿಲ್ಲ.