‘ಮಾಡಿದನು’: ಭೂತಕಾಲದ ಪಟ್ಟಿಯೊಂದರ ವಿಮರ್ಶೆ

ಶಾಲಾ ವ್ಯಾಕರಣಗಳು ಭೂತಕಾಲವನ್ನು ಸಾಮಾನ್ಯವಾಗಿ ‘ಮಾಡು’ ಧಾತುವಿನ ಪಟ್ಟಿಯಿಂದ ಬೋಧಿಸುತ್ತವೆ: ಮಾಡಿದೆನು, ಮಾಡಿದನು, ಮಾಡಿದಳು. ಧಾತು, ಕಾಲಪ್ರತ್ಯಯ, ಆಖ್ಯಾತಪ್ರತ್ಯಯಗಳ ವಿಭಜನೆಗೆ ನಮ್ಮ ಆಕ್ಷೇಪವಿಲ್ಲ. ಆದರೆ ಕ್ರಿಯಾಪದವು ಕರ್ತೃವನ್ನೇ ಅನುಸರಿಸುತ್ತದೆಂಬ ನಿಯಮವನ್ನು ಪಟ್ಟಿ ಹೇಳುವುದಿಲ್ಲ. ಮಗುವಿಗೆ ಅದು ಗೊತ್ತೆಂದೇ ಭಾವಿಸುತ್ತದೆ. ಮರಾಠಿ ಮನೆಮಾತಿನ ಮಕ್ಕಳೂ ಕನ್ನಡ ಕಲಿಯುವ, ಡಾಬಕಾದಂತಹ ಗಡಿಯೂರುಗಳಲ್ಲಿ ಈ ಮೌನ ದುಬಾರಿಯಾದುದು. ‘ತ್ಯಾನೇ ಭಾಕರೀ ಕೇಲೀ’, ‘ತಿನೇ ಭಾಕರೀ ಕೇಲೀ’: ಕರ್ತೃ ಗಂಡಾಗಲಿ ಹೆಣ್ಣಾಗಲಿ, ಮರಾಠಿಯ ಸಕರ್ಮಕ ಕ್ರಿಯೆ ಇಲ್ಲಿ ಸ್ತ್ರೀಲಿಂಗದ ‘ಭಾಕರೀ’ಯನ್ನೇ ಅನುಸರಿಸುತ್ತದೆ. ಅಂತಹ ಮಗು ‘ಮಾಡಿದನು’, ‘ಮಾಡಿದಳು’ಗಳಲ್ಲಿ ಎಡವಿದರೆ ಅದನ್ನು ಅಜಾಗರೂಕತೆಯೆನ್ನಲಾಗದು. ಅಕರ್ಮಕದಲ್ಲಿ ಎರಡೂ ಭಾಷೆಗಳು ಕರ್ತೃವನ್ನೇ ಅನುಸರಿಸುತ್ತವೆ: ‘ತೋ ಪಳಾಲಾ’, ‘ತೀ ಪಳಾಲೀ’, ‘ಓಡಿದನು’, ‘ಓಡಿದಳು’. ಆದ್ದರಿಂದ ಇಲ್ಲಿ ಪಾಠವು ‘ಓಡು’ವಿನಿಂದ ಆರಂಭವಾಗಿ ‘ಮಾಡು’ವಿಗೆ ಸಾಗಬೇಕೆಂಬುದು ನಮ್ಮ ವಾದ.